ಕಾಮಗಾರಿ ಸ್ಥಳದಲ್ಲಿ ಕೂಲಿಕಾರರ ಕ್ಷೇಮ ಹಾಗೂ ಕಾಯಕ ಬಂಧುವಿನ ಪಾತ್ರ: ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಉದ್ಯೋಗಾರ್ಥಿಗಳ ಮಾಹಿತಿಗಾಗಿ

ಗ್ರಾಮ ಪಂಚಾಯತಿಗೆ ಕೆಲಸ ಕೋರಿ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ಮೂರು ವಿಷಯಗಳನ್ನು ವಿಚಾರಿಸುತ್ತಾರೆ. ಕೆಲಸ ಎಂದು ದೊರೆಯುವುದು, ದಿನದ ಕೂಲಿ ಎಷ್ಟು, ಹಣವು ಖಾತೆಗೆ ಯಾವಾಗ ಜಮೆಯಾಗುವುದು. ತಂಡದ ಮುಂದಾಳು ಯಾರೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಕೆಲಸಕ್ಕೆ ಹೋದ ಮೊದಲ ದಿನವೇ ಕುಡಿಯುವ ನೀರು ಸಿಕ್ಕಿತೇ, ಹಾಲುಣಿಸುವ ತಾಯಿಗೆ ಬಿಡುವು ದೊರೆಯಿತೇ, ಅರವತ್ತು ದಾಟಿದವರನ್ನು ಯಾವ ಗುಂಪಿಗೆ ಸೇರಿಸಲಾಯಿತು ಎಂಬುದೆಲ್ಲವೂ ಆ ಒಬ್ಬ ವ್ಯಕ್ತಿಯ ನಡವಳಿಕೆಯನ್ನು ಅವಲಂಬಿಸಿರುತ್ತದೆ. ಕರ್ನಾಟಕದಲ್ಲಿ ಈ ಮುಂದಾಳುವನ್ನು ‘ಕಾಯಕ ಬಂಧು’ ಎಂದು ಕರೆಯಲಾಗಿದೆ. ಬೇರೆ ರಾಜ್ಯಗಳಲ್ಲಿ ‘ಮೇಟ್’ ಎಂಬ ಹೆಸರು ರೂಢಿಯಲ್ಲಿದೆ.

ಬೀದರ ಜಿಲ್ಲೆಗೆ ಈ ವ್ಯವಸ್ಥೆ ಹೊಸದಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು 2006ರ ಫೆಬ್ರವರಿ 2ರಂದು ಜಾರಿಗೆ ಬಂದಾಗ, ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯದ ಐದು ಜಿಲ್ಲೆಗಳಲ್ಲಿ ಬೀದರವೂ ಒಂದು. ಉಳಿದವು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಚಿತ್ರದುರ್ಗ ಹಾಗೂ ದಾವಣಗೆರೆ. 2009ರ ಅಕ್ಟೋಬರ್ 2ರಿಂದ ಕಾಯಿದೆಗೆ ಮಹಾತ್ಮ ಗಾಂಧಿಯವರ ಹೆಸರು ಸೇರಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಸ್ಥಾನದಲ್ಲಿ ವಿಕಸಿತ ಭಾರತ ರೋಜಗಾರ್ ಮತ್ತು ಆಜೀವಿಕಾ ಮಿಷನ್ (ಗ್ರಾಮೀಣ) ಖಾತರಿ ಕಾಯಿದೆಯನ್ನು ಅಂಗೀಕರಿಸಿದ್ದು, ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳಿದ್ದ ಖಾತರಿಯನ್ನು ಅದರಲ್ಲಿ 125 ದಿನಗಳೆಂದು ನಿಗದಿಪಡಿಸಲಾಗಿದೆ. ಆದ್ದರಿಂದ ಈ ಲೇಖನದಲ್ಲಿ ಬರುವ ಕಾಯಿದೆಯ ಅಂಶಗಳು 2005ರ ಕಾಯಿದೆಯಡಿ ಸುಮಾರು ಎರಡು ದಶಕ ನಡೆದ ಪದ್ಧತಿಗೆ ಸಂಬಂಧಿಸಿದವು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಸಂಬಂಧಿಸಿದ ಗ್ರಾಮ ಪಂಚಾಯತಿಯಲ್ಲಿ ಕೇಳಿ ತಿಳಿಯತಕ್ಕದ್ದು. ತಂಡವನ್ನು ನಡೆಸುವವರ ಹೊಣೆ ಮಾತ್ರ ಕಾಯಿದೆಯ ಹೆಸರು ಬದಲಾದ ಮಾತ್ರಕ್ಕೆ ಬದಲಾಗುವಂಥದಲ್ಲ.

ಹೆಸರಿನ ಹಿನ್ನೆಲೆ

ಹನ್ನೆರಡನೆಯ ಶತಮಾನದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಉನ್ನತ ಹೊಣೆ ಹೊತ್ತಿದ್ದ ಈ ಊರಿನಲ್ಲಿಯೇ ದುಡಿಮೆಗೆ ‘ಕಾಯಕ’ ಎಂಬ ಗೌರವದ ಅರ್ಥ ಬೆಳೆದುಬಂದಿತು. ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಪಾದರಕ್ಷೆ ಮಾಡುವವರು, ಬಟ್ಟೆ ಒಗೆಯುವವರು ಒಂದೇ ಅನುಭವ ಮಂಟಪದಲ್ಲಿ ಕುಳಿತು ಮಾತನಾಡಿದರೆಂಬುದು ಶರಣ ಪರಂಪರೆಯ ನೆನಪು. ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ತಿಳಿಸಿದ ಪ್ರಸಂಗವು ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಹೇಳಿಕೆಯಲ್ಲಿದೆ. ಮಣ್ಣು ಹೊರುವ ತಂಡದ ಮುಂದಾಳುವಿಗೆ ‘ಕಾಯಕ ಬಂಧು’ ಎಂಬ ಹೆಸರನ್ನು ನೀಡಿದಾಗ ಎರಡು ಅಪೇಕ್ಷೆಗಳು ಅದರೊಡನೆ ಬಂದವು: ಆ ವ್ಯಕ್ತಿ ದುಡಿಯುವವರಲ್ಲಿ ಒಬ್ಬರಾಗಿರಬೇಕು, ಮತ್ತು ದುಡಿಯುವವರಿಗೆ ನೆಂಟರಂತಿರಬೇಕು. ಎರಡನೆಯದು ಆದೇಶದಿಂದ ಬರುವಂಥದಲ್ಲ.

ಮುಕದ್ದಮ ಮತ್ತು ಕಾಯಕ ಬಂಧು

ಮರಾಠವಾಡದ ಗಡಿಗೆ ಹೊಂದಿಕೊಂಡ ಈ ಭಾಗದ ಜನರಿಗೆ ‘ಮುಕದ್ದಮ’ ಎಂಬ ಪದ ಚಿರಪರಿಚಿತ. ಕಬ್ಬು ಕಟಾವಿಗೆ ತಂಡ ಕಟ್ಟಿಕೊಂಡು ಹೋಗುವವನು, ಹಂಗಾಮು ಆರಂಭವಾಗುವ ಮೊದಲೇ ಮುಂಗಡ ಹಣ ಕೊಡುವವನು, ಅದನ್ನು ಕೂಲಿಯಲ್ಲಿ ಮುರಿದುಕೊಳ್ಳುವವನು ಅವನೇ. ಹಣದ ಗಂಟು ಅವನ ಕೈಯಲ್ಲಿರುವುದರಿಂದ ಕಾಯಿಲೆ ಬಿದ್ದವರು ಸಹ ರಜೆ ಕೇಳಲು ಹಿಂಜರಿಯುತ್ತಾರೆ.

ಕಾಯಕ ಬಂಧುವಿನ ಸ್ಥಾನವು ಇದಕ್ಕಿಂತ ಪೂರ್ಣವಾಗಿ ಭಿನ್ನವಾದುದು. 2005ರ ಕಾಯಿದೆಯು ಗುತ್ತಿಗೆದಾರರನ್ನು ನಿಷೇಧಿಸಿತ್ತು. ಕೂಲಿಯು ನೇರವಾಗಿ ಕೂಲಿಕಾರರ ಬ್ಯಾಂಕ್ ಅಥವಾ ಅಂಚೆ ಖಾತೆಗೆ ಜಮೆಯಾಗುತ್ತಿತ್ತು. 2024ರ ಜನವರಿಯಿಂದ ಆಧಾರ್ ಆಧಾರಿತ ಪಾವತಿ ಕಡ್ಡಾಯವಾಯಿತು. ಕಾಯಕ ಬಂಧುವಿನ ಕೈಯಲ್ಲಿ ಯಾರ ಕೂಲಿಯೂ ಇರುವುದಿಲ್ಲ. ಹಾಜರಾತಿ ದಾಖಲಿಸಲು, ಕೆಲಸ ಕೊಡಿಸಲು ಅಥವಾ ಅಳತೆ ಹೆಚ್ಚು ಬರೆಸಲು ಹಣ ಕೇಳುವ ಅಧಿಕಾರ ಯಾರಿಗೂ ಇರುವುದಿಲ್ಲವೆಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು. ಹಣದ ಹಿಡಿತವಿಲ್ಲದ ಮುಂದಾಳುವಿಗೆ ತಂಡವು ಕಿವಿಗೊಡುವುದು ವಿಶ್ವಾಸವಿದ್ದಾಗ ಮಾತ್ರ. ಕೆಲವು ಹಳ್ಳಿಗಳಲ್ಲಿ ಹಳೆಯ ಮುಕದ್ದಮನೇ ಕಾಯಕ ಬಂಧುವಿನ ವೇಷದಲ್ಲಿ ಮರಳಿ ಬರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಉದ್ಯೋಗ ಚೀಟಿಯನ್ನು ಬೇರೆಯವರ ಬಳಿ ಇರಿಸಬಾರದೆಂಬ ಸೂಚನೆಯ ಹಿಂದಿನ ಕಾರಣವೂ ಇದೇ.

ಅಳತೆ, ಕೂಲಿ ಮತ್ತು ತಂಡದೊಳಗಿನ ಒತ್ತಡ

ಕೂಲಿಕಾರರ ನೆಮ್ಮದಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕದಡುವ ವಿಷಯ ಅಳತೆ. ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಪೂರ್ಣ ದಿನಗೂಲಿಯು ಕೇವಲ ಹಾಜರಾತಿಯಿಂದ ದೊರೆಯುತ್ತಿರಲಿಲ್ಲ. ಒಂದು ಗಂಟೆಯ ವಿಶ್ರಾಂತಿಯೂ ಸೇರಿ ಎಂಟು ಗಂಟೆಗಳಲ್ಲಿ ಸಾಧಾರಣ ವಯಸ್ಕರೊಬ್ಬರು ಮಾಡಬಹುದಾದ ಕೆಲಸವನ್ನು ಆಧಾರವಾಗಿಟ್ಟುಕೊಂಡು ದರಪಟ್ಟಿಯನ್ನು ಸಿದ್ಧಪಡಿಸಲಾಗುತ್ತಿತ್ತು. ತಂಡವು ಅಗೆದ ಒಟ್ಟು ಮಣ್ಣನ್ನು ಅಳೆದು, ಬಂದ ಮೊತ್ತವನ್ನು ಹಾಜರಿದ್ದವರಿಗೆ ಹಂಚಲಾಗುತ್ತಿತ್ತು. ಉದಾಹರಣೆಗೆ, 2025–26ನೇ ಸಾಲಿನಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿಗಳಿದ್ದಿತು. ನಿಗದಿತ ಪ್ರಮಾಣದ ಐದರಲ್ಲಿ ನಾಲ್ಕು ಭಾಗ ಮಾತ್ರ ಕೆಲಸವಾಗಿದ್ದಲ್ಲಿ ಪ್ರತಿಯೊಬ್ಬರಿಗೂ ದೊರೆಯುವುದು 296 ರೂಪಾಯಿ. ಹೀಗಾಗಿ ತಂಡದಲ್ಲಿ ನಿಧಾನವಾಗಿ ಕೆಲಸ ಮಾಡುವವರು ಉಳಿದವರ ಕೂಲಿಯನ್ನು ಕಡಿಮೆ ಮಾಡುತ್ತಾರೆಂಬ ಭಾವನೆ ಬೆಳೆಯುತ್ತದೆ. ವಯಸ್ಸಾದವರು, ಬಾಣಂತನ ಮುಗಿಸಿ ಬಂದವರು, ವಿಕಲಚೇತನರು, ವಿಧವೆಯಾಗಿ ಜೊತೆಗಾರರಿಲ್ಲದೆ ಬಂದವರು ಈ ಮಾತಿಗೆ ಮೊದಲು ಗುರಿಯಾಗುತ್ತಾರೆ. ಯಾರೂ ಬಾಯಿಬಿಟ್ಟು ಬೇಡವೆನ್ನದಿದ್ದರೂ ಜೋಡಿ ಮಾಡಿಕೊಳ್ಳುವ ಹೊತ್ತಿಗೆ ಅವರು ಒಂಟಿಯಾಗಿ ನಿಲ್ಲುವರು. ಎರಡು ದಿನ ಹಾಗೆ ನಿಂತವರು ಮೂರನೆಯ ದಿನ ಬರುವುದಿಲ್ಲ. ದಾಖಲೆಯಲ್ಲಿ ಅದು ‘ಗೈರುಹಾಜರಿ’ ಎಂದಷ್ಟೇ ನಮೂದಾಗುತ್ತದೆ.

ಮಣ್ಣಿನ ಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ಹುಮನಾಬಾದ್ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ನೆಲವು ಒಂದಡಿ ಇಳಿದೊಡನೆ ಕಲ್ಲಿನಷ್ಟು ಗಡುಸಾಗಬಹುದು. ಬಸವಕಲ್ಯಾಣದ ಕಡೆಯ ಎರೆಭೂಮಿಯು ಮಳೆಗಾಲದಲ್ಲಿ ಸಲಿಕೆಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರಿದು ಹೆಂಟೆಯಾಗುತ್ತದೆ. ಒಂದೇ ಉದ್ದ, ಅಗಲ, ಆಳದ ಕಂದಕ ಬದುವನ್ನು ಈ ಎರಡು ನೆಲಗಳಲ್ಲಿ ಅಗೆಯಲು ಬೇಕಾಗುವ ಶ್ರಮ ಒಂದೇ ಆಗಿರುವುದಿಲ್ಲ. ದರಪಟ್ಟಿಯಲ್ಲಿ ಮಣ್ಣಿನ ವರ್ಗ, ಮಣ್ಣು ಸಾಗಿಸುವ ದೂರ ಹಾಗೂ ಎತ್ತುವ ಎತ್ತರಕ್ಕೆ ಬೇರೆ ಬೇರೆ ದರಗಳಿರುತ್ತವೆ. ಗಡುಸು ನೆಲವನ್ನು ಮೆದು ಮಣ್ಣೆಂದು ಬರೆದಲ್ಲಿ ಇಡೀ ತಂಡದ ಕೂಲಿ ಇಳಿಯುವುದಲ್ಲದೆ, ಕಾರಣ ತಿಳಿಯದ ಕೂಲಿಕಾರರು ಪರಸ್ಪರರನ್ನೇ ದೂಷಿಸತೊಡಗುತ್ತಾರೆ.

ಸಹೃದಯ ಮುಂದಾಳುವಿನ ನೆರವು ಫಲ ಕೊಡುವುದು ಇಲ್ಲಿಯೇ. ಬೆಳಿಗ್ಗೆ ಗುರುತು ಹಾಕುವಾಗ ಆ ದಿನದ ಅಳತೆ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಹೇಳುವುದು, ಮಣ್ಣು ಗಡುಸಾಗಿದ್ದರೆ ತಾಂತ್ರಿಕ ಸಹಾಯಕರಿಗೆ ಅದೇ ದಿನ ತಿಳಿಸುವುದು, ಅಳತೆಯನ್ನು ತಂಡದ ಸಮ್ಮುಖದಲ್ಲಿಯೇ ಮಾಡಿಸುವುದು ಅಂತಹವರ ಕ್ರಮ. ಜೋಡಿಗಳನ್ನು ಕೂಲಿಕಾರರ ಇಷ್ಟಕ್ಕೆ ಮಾತ್ರ ಬಿಡದೆ, ಬಲವುಳ್ಳವರೊಡನೆ ದುರ್ಬಲರನ್ನು ಸೇರಿಸುವುದು ಮತ್ತು ಪ್ರತಿ ವಾರ ಜೋಡಿಗಳನ್ನು ಬದಲಿಸುವುದರಿಂದ ಒಬ್ಬರ ಮೇಲೆಯೇ ಹೊರೆ ಬೀಳುವುದಿಲ್ಲ. ಅಗೆಯಲಾರದವರಿಗೆ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ, ಬದುವಿನ ಅಂಚು ಸಮಗೊಳಿಸುವ ಕೆಲಸಗಳನ್ನು ಕೊಡಬಹುದು. ಇದನ್ನು ದಯೆಯೆಂದು ಭಾವಿಸಬೇಕಿಲ್ಲ. ನೀರು ಕೊಡುವವರು ಇಲ್ಲದಿದ್ದಲ್ಲಿ ಹತ್ತು ಜನ ಅಗೆಯುವವರು ಸಲಿಕೆ ಕೆಳಗಿಟ್ಟು ಬಾವಿಯವರೆಗೆ ನಡೆಯಬೇಕಾಗುತ್ತದೆ.

ಬಿಸಿಲು, ನೀರು, ನೆರಳು

ಬೀದರ ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಈ ಎರಡು ತಿಂಗಳು ಬೆಳಗಿನ ಹೊತ್ತಿಗೆ ಬದಲಿಸುವ ಕ್ರಮ ಬಹುಕಾಲದಿಂದ ಇದೆ. ಫ್ಯಾನಿನ ಕೆಳಗೆ ಕುಳಿತವರಿಗೆ ದೊರೆಯುವ ಈ ವಿನಾಯಿತಿಯು ಬಯಲಿನಲ್ಲಿ ಅಗೆಯುವವರಿಗೆ ಇನ್ನೂ ಹೆಚ್ಚು ಸಲ್ಲತಕ್ಕದ್ದು. ಹೊಲದಲ್ಲಿ ಕೆಲಸವಿಲ್ಲದ ಕಾಲವೂ ಅದೇ ಆದ್ದರಿಂದ ಕೆಲಸ ಕೋರಿ ಬರುವ ಅರ್ಜಿಗಳೂ ಆಗಲೇ ಹೆಚ್ಚು. ತೊಗರಿ ರಾಶಿ ಮುಗಿದು ಮುಂಗಾರು ಬರುವ ತನಕ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗದೆ ಊರಲ್ಲೇ ಉಳಿಯಬೇಕೆನ್ನುವವರಿಗೆ ಈ ಕೆಲಸವೇ ಆಸರೆ.

2005ರ ಕಾಯಿದೆಯ ಎರಡನೆಯ ಅನುಸೂಚಿಯು ಕಾಮಗಾರಿ ಸ್ಥಳದಲ್ಲಿ ಶುದ್ಧ ಕುಡಿಯುವ ನೀರು, ಮಕ್ಕಳಿಗೆ ಹಾಗೂ ವಿಶ್ರಾಂತಿಗೆ ನೆರಳು, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದು ವಿಧಿಸಿತ್ತು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಜೊತೆಯಲ್ಲಿ ಬಂದಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಕೂಲಿ ನೀಡಬೇಕಿತ್ತು. ಕೆಲಸದಿಂದ ಗಾಯಗೊಂಡವರಿಗೆ ಉಚಿತ ಚಿಕಿತ್ಸೆ, ಆಸ್ಪತ್ರೆಗೆ ದಾಖಲಾದಲ್ಲಿ ಕೂಲಿಯ ಅರ್ಧಕ್ಕೆ ಕಡಿಮೆಯಿಲ್ಲದ ದಿನಭತ್ಯೆಯ ಅವಕಾಶವೂ ಇತ್ತು. ಮಕ್ಕಳ ವಿಷಯದಲ್ಲಿ ರಾಜ್ಯ ಸರ್ಕಾರವು 2023–24ನೇ ಸಾಲಿನಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು.

ಇವೆಲ್ಲವೂ ಕಾಗದದ ಮೇಲೆ ಸ್ಪಷ್ಟವಾಗಿದ್ದವು. ಆದರೆ ನೀರಿನ ಕೊಡವು ತಾನಾಗಿ ಹೊಲಕ್ಕೆ ಬರುವುದಿಲ್ಲ. ಹಿಂದಿನ ಸಂಜೆಯೇ ನೀರಿನ ಮೂಲವನ್ನು ಗೊತ್ತುಮಾಡಿ, ಬಿಸಿಲೇರುವ ಮುನ್ನ ಕೆಲಸ ಆರಂಭಿಸಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ಮರದಡಿ ಕೂರಿಸುವವರು ಬೇಕು. ಯಾರಾದರೂ ಬೆವರುವುದು ನಿಂತು ಮೈ ಕಾದಂತಾದರೆ, ಮಾತು ತೊದಲಿದರೆ ಅಥವಾ ದಿಕ್ಕು ತೋಚದಂತೆ ವರ್ತಿಸಿದರೆ ಅದನ್ನು ಆಯಾಸವೆಂದು ಬಿಡಬಾರದು. ಕೂಡಲೇ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಪೂರ್ಣ ಕೂಲಿಯ ಆಸೆಯಿಂದ ಬಿಸಿಲಿನಲ್ಲಿಯೇ ಮುಂದುವರಿಯುವವರನ್ನು ತಡೆಯುವುದೂ ಮುಂದಾಳುವಿನ ಕೆಲಸವೇ. ಅಳತೆಯ ಭಯವಿರುವ ತಂಡದಲ್ಲಿ ಮಾತ್ರ ಈ ಮಾತನ್ನು ಯಾರೂ ಕೇಳುವುದಿಲ್ಲ.

ಒಂದೇ ಕೊಡದ ನೀರು

ನೀರಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕಾಗುತ್ತದೆ. ತಂಡದಲ್ಲಿ ಬೇರೆ ಬೇರೆ ಜಾತಿಯವರು, ತಾಂಡಾಗಳಿಂದ ಬಂದ ಲಂಬಾಣಿ ಕುಟುಂಬಗಳು, ಕನ್ನಡ, ಮರಾಠಿ, ದಖನಿ ಉರ್ದು ಮಾತನಾಡುವವರು ಒಟ್ಟಾಗಿರುತ್ತಾರೆ. ಕೊಡವನ್ನು ಯಾರು ಮುಟ್ಟಬೇಕು, ಲೋಟವನ್ನು ಯಾರು ಎತ್ತಿ ಹೊಯ್ಯಬೇಕು ಎಂಬಲ್ಲಿ ಭೇದ ತೋರುವುದು ಸಂವಿಧಾನದ 17ನೆಯ ಅನುಚ್ಛೇದಕ್ಕೆ ವಿರುದ್ಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಮತ್ತು 1989ರ ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯಡಿ ಇಂತಹ ವರ್ತನೆ ದಂಡನಾರ್ಹ. ಪ್ರಕರಣವು ಪೊಲೀಸ್ ಠಾಣೆಗೆ ಹೋಗುವ ಮುನ್ನವೇ ಅನೇಕ ಬಾರಿ ಎಲ್ಲವೂ ತೀರ್ಮಾನವಾಗಿರುತ್ತದೆ, ಮುಂದಾಳು ಮೊದಲ ದಿನ ಯಾರ ಕೈಯಿಂದ ನೀರು ಕುಡಿದರು ಎಂಬುದರಲ್ಲಿ. ಅಂತರ್ಜಾತಿ ವಿವಾಹದ ಕಾರಣಕ್ಕೆ ಕಲ್ಯಾಣವೇ ಹೊತ್ತಿ ಉರಿದ ನೆಲದಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಹಿಳೆಯರೇ ಕಾಯಕ ಬಂಧುಗಳಾಗಲು ರಾಜ್ಯದಲ್ಲಿ ಆದ್ಯತೆ ನೀಡಿರುವುದರ ಪ್ರಯೋಜನವೂ ಇಲ್ಲಿ ಕಂಡುಬರುತ್ತದೆ. ಮುಟ್ಟಿನ ದಿನಗಳಲ್ಲಿ ಭಾರ ಹೊರಲಾರೆನೆಂದು ಪುರುಷ ಮುಂದಾಳುವಿಗೆ ಹೇಳಲು ಸಂಕೋಚಪಡುವವರು ಇನ್ನೊಬ್ಬ ಮಹಿಳೆಗೆ, “ಅಕ್ಕಾ, ಇವತ್ತು ಬುಟ್ಟಿ ಹೊರೋದು ಆಗಂಗಿಲ್ಲ” ಎಂದಷ್ಟೇ ಹೇಳಿದರೆ ಸಾಕಾಗುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳಕ್ಕೆ ಒಳಗಾದವರು 2013ರ ಕಾಯಿದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಅಸಂಘಟಿತ ವಲಯದ ಮಹಿಳೆಯರಿಗೂ ಈ ಹಕ್ಕು ಇದೆ. ದೂರು ಬರೆಯಲು ಜೊತೆ ನೀಡುವುದು ಕಾಯಕ ಬಂಧುವಿನಿಂದ ನಿರೀಕ್ಷಿಸಬಹುದಾದ ನೆರವು.

ಮುಂದಾಳುವಿಗೂ ಆಸರೆ ಬೇಕು

ಕಾಯಕ ಬಂಧುವು ಅಧಿಕಾರಿಯಲ್ಲ. ಕೂಲಿ ತಡವಾದಾಗ ಜನರು ಮೊದಲು ಬರುವುದು ಆಕೆಯ ಮನೆ ಬಾಗಿಲಿಗೆ. ಹಣ ಬಿಡುಗಡೆ ಮಾಡುವ ಕೀಲಿ ಮಾತ್ರ ಆಕೆಯ ಬಳಿ ಇರುವುದಿಲ್ಲ. ಹಾಜರಿ ಪಟ್ಟಿ ಮುಗಿದ 15 ದಿನಗಳೊಳಗೆ ಕೂಲಿ ಪಾವತಿಯಾಗದಿದ್ದಲ್ಲಿ ಹದಿನಾರನೆಯ ದಿನದಿಂದ ಪ್ರತಿ ದಿನಕ್ಕೆ ಬಾಕಿ ಕೂಲಿಯ ಶೇಕಡ 0.05ರಷ್ಟು ಪರಿಹಾರಕ್ಕೆ 2005ರ ಕಾಯಿದೆಯಲ್ಲಿ ಅವಕಾಶವಿದ್ದಿತು. ಈ ವಿಷಯ ತಿಳಿದಿದ್ದ ಕೂಲಿಕಾರರು ಪಂಚಾಯತಿಗೆ ಅರ್ಜಿ ಬರೆದರು, ತಿಳಿಯದವರು ಕಾಯಕ ಬಂಧುವಿನೊಡನೆ ಜಗಳವಾಡಿದರು.

ಮೊಬೈಲ್ ಹಾಜರಾತಿಯು ಇನ್ನೊಂದು ಹೊರೆಯನ್ನು ತಂದಿತು. 2021ರಲ್ಲಿ ಆರಂಭವಾದ ರಾಷ್ಟ್ರೀಯ ಮೊಬೈಲ್ ಉಸ್ತುವಾರಿ ವ್ಯವಸ್ಥೆಯು 2023ರ ಜನವರಿ 1ರಿಂದ ಎಲ್ಲ ಸಾಮೂಹಿಕ ಕಾಮಗಾರಿಗಳಿಗೂ ಕಡ್ಡಾಯವಾಗಿ, ದಿನಕ್ಕೆ ಎರಡು ಬಾರಿ ಕೂಲಿಕಾರರ ಛಾಯಾಚಿತ್ರವನ್ನು ಸ್ಥಳದಿಂದಲೇ ಅಪ್‌ಲೋಡ್ ಮಾಡಬೇಕಾಯಿತು. ಸುಳ್ಳು ಹಾಜರಾತಿಯನ್ನು ತಡೆಯುವುದು ಇದರ ಉದ್ದೇಶ. ಆದರೆ ಬೆಳಗಿನ ತಂಪಿನಲ್ಲಿ ಅಳತೆ ಮುಗಿಸಿದವರೂ ಎರಡನೆಯ ಚಿತ್ರಕ್ಕಾಗಿ ಕಾಯಬೇಕಾಯಿತು. ನೆಟ್‌ವರ್ಕ್ ಸಿಗದ ಕಡೆ ಚಿತ್ರ ಹೋಗದೆ ಹಾಜರಾತಿ ತಪ್ಪಿದರೆ ಇಡೀ ತಂಡದ ಸಿಟ್ಟು ಫೋನು ಹಿಡಿದವರ ಮೇಲೆ ತಿರುಗುತ್ತಿತ್ತು. ಇಂತಹ ದಿನ ಗ್ರಾಮ ಕಾಯಕ ಮಿತ್ರ ಅಥವಾ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಅಂದೇ ತಿಳಿಸಿ, ಅದನ್ನು ಬರಹದಲ್ಲಿ ದಾಖಲಿಸುವುದು ಮುಂದಾಳುವಿಗೂ ತಂಡಕ್ಕೂ ಕ್ಷೇಮ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರಡಿಸಿದ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಮಾರ್ಗಸೂಚಿಗಳಲ್ಲಿ, ಮೇಲ್ವಿಚಾರಣೆ ಮಾಡುವವರಿಗೆ ತಮ್ಮ ಕೈಕೆಳಗಿನವರ ಮನೋವ್ಯಥೆಯನ್ನು ಗುರುತಿಸುವ ತರಬೇತಿ ನೀಡಬೇಕೆಂದು ಶಿಫಾರಸು ಮಾಡಿದೆ. ಇದು ನಗರಗಳ ಗಾಜಿನ ಕಚೇರಿಗಳಿಗಷ್ಟೇ ಅನ್ವಯಿಸುವ ಮಾತಲ್ಲ. ಸಾಲದ ಚಿಂತೆಯಲ್ಲಿ ಮಾತು ಬಿಟ್ಟವರು, ಕುಡಿತಕ್ಕೆ ಬಿದ್ದವರು, ಮನೆಯಲ್ಲಿ ಹೊಡೆತ ತಿಂದು ಬಂದವರು ಬದುವಿನ ಕೆಲಸದಲ್ಲಿಯೂ ಇರುತ್ತಾರೆ. ದಿನವೂ ಹೆಸರು ಕೂಗಿ ಹಾಜರಾತಿ ಪಡೆಯುವವರಿಗೆ ಇವರ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ. ಅಂತಹವರನ್ನು ಬದಿಗೆ ಕರೆದು ಮಾತನಾಡಿಸುವುದು, ಅವಶ್ಯವೆನಿಸಿದಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಗೆ ಕರೆ ಮಾಡಿಸುವುದು ಸಾಧ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯು ಕನ್ನಡದಲ್ಲಿಯೂ ಲಭ್ಯವಿದೆ. ಕಾಯಕ ಬಂಧುಗಳೂ ತಮಗಾಗಿ ಇದನ್ನು ಬಳಸಬಹುದು.

ಅರ್ಜಿದಾರರು ಗಮನಿಸಬೇಕಾದುದು

ಕೆಲಸದ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಿ ದಿನಾಂಕವಿರುವ ಸ್ವೀಕೃತಿ ಪಡೆಯುವುದು ಅತ್ಯವಶ್ಯ. 2005ರ ಕಾಯಿದೆಯಡಿ ಇದಕ್ಕೆ ನಮೂನೆ-6 ಬಳಕೆಯಲ್ಲಿತ್ತು, ಮತ್ತು 15 ದಿನಗಳೊಳಗೆ ಕೆಲಸ ನೀಡದಿದ್ದಲ್ಲಿ ನಿರುದ್ಯೋಗ ಭತ್ಯೆ ಕೇಳಲು ಈ ಸ್ವೀಕೃತಿಯೇ ಆಧಾರವಾಗುತ್ತಿತ್ತು. ಅರ್ಜಿಯ ಜೊತೆಯಲ್ಲಿಯೇ, ವಯಸ್ಸು, ಅಂಗವೈಕಲ್ಯ, ಗರ್ಭಾವಸ್ಥೆ ಅಥವಾ ಚಿಕ್ಕ ಮಕ್ಕಳಿರುವ ವಿಷಯವನ್ನು ತಿಳಿಸಿದಲ್ಲಿ ತಂಡ ರಚಿಸುವಾಗ ಅನುಕೂಲವಾಗುತ್ತದೆ. ಕೆಲಸ ಆರಂಭವಾಗುವ ಮುನ್ನ ಕಾಯಕ ಬಂಧುವಿನ ಹೆಸರನ್ನು ಕೇಳಿ ತಿಳಿದುಕೊಳ್ಳುವುದು ಒಳಿತು. ಮುಂದಾಳುವಿನ ವರ್ತನೆಯಿಂದ ತೊಂದರೆಯಾದಲ್ಲಿ ತಂಡದ ಸದಸ್ಯರು ಒಟ್ಟಾಗಿ ಸಹಿ ಮಾಡಿದ ಮನವಿಯನ್ನು ಗ್ರಾಮ ಪಂಚಾಯತಿಗೆ ನೀಡಬಹುದು, ಅಥವಾ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಬಹುದು. ಸಾಮಾಜಿಕ ಲೆಕ್ಕಪರಿಶೋಧನೆಗೆ ಬರುವವರ ಮುಂದೆ ಅಳತೆ ಮತ್ತು ಕೂಲಿಯ ಜೊತೆಗೆ ನೀರು, ನೆರಳು, ಮಕ್ಕಳ ಆರೈಕೆಯ ವಿಷಯವನ್ನೂ ಹೇಳತಕ್ಕದ್ದು.

ತಾಲ್ಲೂಕು ವಿಭಜನೆಯ ನಂತರ ಹುಲಸೂರು ತಾಲ್ಲೂಕು ಬಸವಕಲ್ಯಾಣದಿಂದ, ಚಿಟಗುಪ್ಪ ತಾಲ್ಲೂಕು ಹುಮನಾಬಾದ್‌ನಿಂದ ಪ್ರತ್ಯೇಕಗೊಂಡಿವೆ. ಆ ಭಾಗದ ಗ್ರಾಮಗಳವರು ಮೇಲ್ಮನವಿ ಸಲ್ಲಿಸುವ ಮೊದಲು ತಮ್ಮ ಪಂಚಾಯತಿ ಈಗ ಯಾವ ತಾಲ್ಲೂಕು ಪಂಚಾಯತಿಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಿಸಿದ ಪಂಚಾಯತಿ ಅಭಿವೃದ್ಧಿ ಅಧಿಕಾರಿಯನ್ನು ಅಥವಾ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬೇಸಿಗೆಯಲ್ಲಿ ಕಚೇರಿ ವೇಳೆ ಬದಲಾಗುವುದರಿಂದ ದೂರದ ಹಳ್ಳಿಗಳಿಂದ ಬರುವವರು ಮುಂಜಾನೆಯೇ ಬರುವುದು ಅನುಕೂಲ.